ಪರರಿಗಾಗಿ ಬೇಡಿದ ರಂಗರಾಯರು

ದಾನಿಗಳ ಹೆಸರು ಲೋಕದಲ್ಲಿ ಉಳಿಯುತ್ತದೆ. ಕೆರೆ ಕಟ್ಟಿಸಿದವರ, ಛತ್ರ ಕಟ್ಟಿಸಿದವರ, ಆಸ್ಪತ್ರೆಗೆ ಹಣ ಕೊಟ್ಟವರ ಹೆಸರನ್ನು ಕಲ್ಲಿನ ಮೇಲೆ ಕೆತ್ತಿಸಿಡುವುದು ನಮ್ಮ ನಾಡಿನಲ್ಲಿ ಹಿಂದಿನಿಂದಲೂ ನಡೆದುಬಂದ ಪದ್ಧತಿ. ಹಳೆಯ ಮದರಾಸು ರಸ್ತೆಯಲ್ಲಿ ಕೃಷ್ಣರಾಜಪುರವನ್ನು ದಾಟಿ ಬರುವ ನಮ್ಮಲ್ಲಿ ಅನೇಕರು ದಿನವೂ ಎಲೆ ಮಲ್ಲಪ್ಪ ಶೆಟ್ಟಿ ಕೆರೆಯನ್ನು ನೋಡುತ್ತೇವೆ. ವೀಳ್ಯದೆಲೆಯ ವ್ಯಾಪಾರದಿಂದ ಧನವಂತರಾಗಿ, ಗಳಿಸಿದ್ದನ್ನು ಊರಿನ ಹಿತಕ್ಕಾಗಿ ಕೊಟ್ಟ ಹತ್ತೊಂಬತ್ತನೆಯ ಶತಮಾನದ ಆ ವರ್ತಕರ ಹೆಸರು ಒಂದು ಕೆರೆಯ ರೂಪದಲ್ಲಿ ಇಂದಿಗೂ ನಮ್ಮ ಬಾಯಲ್ಲಿದೆ. ಕೊಡುವ ಕೈ ಮೇಲೆ, ಬೇಡುವ ಕೈ ಕೆಳಗೆ ಎಂದು ನಮ್ಮ ಹಿರಿಯರು ಹೇಳುವುದುಂಟು. ಕೊಡುವವನಿಗೆ ಸಲ್ಲುವ ಗೌರವವು ಬೇಡುವವನಿಗೆ ಸಲ್ಲುವುದಿಲ್ಲ. ಆದರೆ ತನ್ನ ಹೊಟ್ಟೆಗಾಗಿ ಅಲ್ಲದೆ ಪರರ ಮಕ್ಕಳಿಗಾಗಿ ಬೇಡಿದವನ ಕೈಯನ್ನು ಎಲ್ಲಿ ಇಡಬೇಕು? ಮೇಲೆಯೋ ಕೆಳಗೆಯೋ?

ಈ ಪ್ರಶ್ನೆ ನನ್ನ ಮನಸ್ಸಿನಲ್ಲಿ ಸುಮ್ಮನೆ ಹುಟ್ಟಿದ್ದಲ್ಲ. ಕಳೆದ ವರ್ಷ ನಾನು ಕೆಲವು ಶನಿವಾರ ಭಾನುವಾರಗಳಂದು ವೈಟ್‌ಫೀಲ್ಡಿನ ಕಡೆ ಒಂದು ಸೇವಾಸಂಸ್ಥೆಯ ಪರವಾಗಿ ಚಂದಾ ಕೂಡಿಸುವ ಕೆಲಸಕ್ಕೆ ಹೋಗುತ್ತಿದ್ದೆ. ಕೊರಳಲ್ಲಿ ಗುರುತಿನ ಚೀಟಿ, ಕೈಯಲ್ಲಿ ಮಕ್ಕಳ ಚಿತ್ರಗಳಿರುವ ಹಾಳೆ. ಕಂಪನಿಗಳಿಂದ ಹೊರಬರುವವರನ್ನು ಎರಡು ನಿಮಿಷ ನಿಲ್ಲಿಸಿ ಮಾತನಾಡಿಸುವುದೇ ಕೆಲಸ. ಈ ಸಂಗತಿ ಮನೆಯಲ್ಲಿ ತಿಳಿದಾಗ ಅಮ್ಮ ಬಹಳ ನೊಂದುಕೊಂಡರು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲು. ಗಾರ್ಮೆಂಟ್ಸಿನಲ್ಲಿ ದುಡಿದು ಓದಿಸಿದ್ದು ಬೀದಿಯಲ್ಲಿ ನಿಂತು ಕೈಯೊಡ್ಡಲಿಕ್ಕೇ ಎಂದು ಅವರು ಕೇಳಿದರು. ಆಗ ನನ್ನಲ್ಲಿ ಉತ್ತರವಿರಲಿಲ್ಲ. ಉತ್ತರವನ್ನು ಹುಡುಕುತ್ತಿರುವಾಗ ನಮ್ಮ ಗ್ರಂಥಾಲಯದಲ್ಲಿ ನನಗೆ ಪರಿಚಯವಾದವರು ಮಂಗಳೂರಿನ ಕುದ್ಮುಲ್ ರಂಗರಾಯರು. ಅವರ ಬಾಳಿನ ಕಥೆಯನ್ನು ನನ್ನ ಸಹಪಾಠಿಗಳ ಮುಂದೆ ಇಡುವುದೇ ಈ ಲೇಖನದ ಉದ್ದೇಶ.

ರಂಗರಾಯರು 1859ನೆಯ ಇಸವಿ ಜೂನ್ 29ರಂದು ಕಾಸರಗೋಡು ಸೀಮೆಯ ಕುದ್ಮುಲ್ ಎಂಬ ಹಳ್ಳಿಯಲ್ಲಿ ಒಂದು ಸಾರಸ್ವತ ಬ್ರಾಹ್ಮಣ ಕುಟುಂಬದಲ್ಲಿ ಜನಿಸಿದರು. ಆಗ ಕಾಸರಗೋಡು ಮದರಾಸು ಆಧಿಪತ್ಯಕ್ಕೆ ಸೇರಿದ್ದಿತು. ಇನ್ನೂ ಹದಿಹರೆಯದಲ್ಲಿರುವಾಗಲೇ ಅವರು ತಂದೆಯನ್ನು ಕಳೆದುಕೊಂಡರು. ಮನೆಯ ಭಾರ ಎಳೆಯ ಹೆಗಲಿಗೆ ಬಿದ್ದಿತು. ಅವರು ಮಂಗಳೂರಿಗೆ ಬಂದು, ಓದಿಕೊಂಡು, ಅಲ್ಪ ಸಂಬಳದ ಉಪಾಧ್ಯಾಯ ವೃತ್ತಿಯನ್ನು ಕೈಗೊಂಡರು. ಉಪಾಧ್ಯಾಯರಾಗಿರುವಾಗಲೇ ಕಾನೂನಿನ ಪರೀಕ್ಷೆಗೆ ಕುಳಿತು, ತೇರ್ಗಡೆಯಾಗಿ, ವಕೀಲರಾದರು. ಬಡವರ ಮೊಕದ್ದಮೆಗಳನ್ನು ಪ್ರೀತಿಯಿಂದ ನಡೆಸಿಕೊಡುವ ವಕೀಲರೆಂದು ಅವರಿಗೆ ಬೇಗನೆ ಹೆಸರು ಬಂದಿತು. ಇಷ್ಟಕ್ಕೇ ನಿಂತಿದ್ದರೆ ಅವರೂ ಆ ಊರಿನ ಗಣ್ಯ ವಕೀಲರಲ್ಲಿ ಒಬ್ಬರಾಗಿ, ನಾಲ್ಕು ಅಂಕಣದ ಮನೆ ಕಟ್ಟಿಕೊಂಡು, ಸುಖವಾಗಿ ಬಾಳಿ, ಜನರ ನೆನಪಿನಿಂದ ಮರೆಯಾಗುತ್ತಿದ್ದರು.

ಆಗಿನ ಮಂಗಳೂರು ಹೇಗಿದ್ದಿತು ಎಂಬುದನ್ನು ಸ್ವಲ್ಪ ತಿಳಿಯದೆ ರಂಗರಾಯರ ಕೆಲಸದ ಹಿರಿಮೆ ನಮಗೆ ಅರ್ಥವಾಗಲಾರದು. ಬಾಸೆಲ್ ಮಿಶನ್ನಿನ ಪಾದ್ರಿಗಳು 1834ರಲ್ಲಿಯೇ ಅಲ್ಲಿಗೆ ಬಂದು ನೆಲೆಸಿದ್ದರು. ಶಾಲೆಗಳನ್ನು ತೆರೆದಿದ್ದರು, ಮುದ್ರಣಾಲಯವನ್ನು ಸ್ಥಾಪಿಸಿದ್ದರು. ನೇಯ್ಗೆಯ ಕಾರ್ಖಾನೆಯೂ ಹೆಂಚಿನ ಕಾರ್ಖಾನೆಯೂ ಅವರಿಂದ ಆದವು. ಕನ್ನಡದ ಮೊದಲನೆಯ ಪತ್ರಿಕೆಯಾದ ಮಂಗಳೂರು ಸಮಾಚಾರವು 1843ರಲ್ಲಿ ಹೊರಟದ್ದು ಆ ಊರಿನಿಂದಲೇ. ಹೀಗೆ ವಿದ್ಯೆಯೂ ಉದ್ಯಮವೂ ಒಟ್ಟಿಗೆ ಬೆಳೆಯುತ್ತಿದ್ದ ಊರು ಅದು. ಕೇಶವಚಂದ್ರ ಸೇನರ ಅನುಯಾಯಿಗಳ ಪ್ರೇರಣೆಯಿಂದ 1870ರಲ್ಲಿ ಅಲ್ಲಿ ಬ್ರಹ್ಮಸಮಾಜವೂ ಹುಟ್ಟಿಕೊಂಡಿದ್ದಿತು. ಉಳ್ಳಾಲ ರಘುನಾಥಯ್ಯನವರು ಆ ಸಮಾಜದ ಮುಂದಾಳುಗಳಾಗಿದ್ದರು. ರಂಗರಾಯರು ಅವರ ಪ್ರಭಾವಕ್ಕೆ ಒಳಗಾಗಿ ಬ್ರಹ್ಮಸಮಾಜವನ್ನು ಸೇರಿದರು. ದೇವನೊಬ್ಬನೇ, ಮನುಷ್ಯರೆಲ್ಲರೂ ಒಂದೇ ಎಂಬ ತತ್ತ್ವವನ್ನು ಪ್ರಾರ್ಥನೆಯಲ್ಲಿ ಹೇಳಿ ಮುಗಿಸಿದರೆ ಸಾಲದು, ಅದನ್ನು ನಡೆದು ತೋರಿಸಬೇಕು ಎಂಬ ನಂಬಿಕೆ ಅವರಲ್ಲಿ ಬಲವಾಗಿ ಬೇರೂರಿತು.

ನಡೆದು ತೋರಿಸುವುದು ಸುಲಭವಾಗಿರಲಿಲ್ಲ. ಅಂದು ಪಂಚಮರೆಂದು ಕರೆಯಲ್ಪಡುತ್ತಿದ್ದ ದಲಿತರು ಊರಿನ ಬಾವಿಯನ್ನು ಮುಟ್ಟುವಂತಿರಲಿಲ್ಲ, ದೇವಾಲಯದ ಬೀದಿಯಲ್ಲಿ ನಡೆಯುವಂತಿರಲಿಲ್ಲ. ಕೊರಗರ ಪಾಡು ಇನ್ನೂ ಶೋಚನೀಯವಾಗಿದ್ದಿತು. ಶಾಲೆಯ ಬಾಗಿಲು ಕಾನೂನಿನ ಪ್ರಕಾರ ಎಲ್ಲರಿಗೂ ತೆರೆದಿದ್ದರೂ, ದಲಿತರ ಮಗುವೊಂದು ಒಳಗೆ ಕಾಲಿಟ್ಟರೆ ಉಳಿದ ಮಕ್ಕಳೆಲ್ಲ ಹೊರಗೆ ನಡೆಯುತ್ತಿದ್ದರು. ನ್ಯಾಯಾಲಯದಲ್ಲಿ ಜವಾನನ ಕೆಲಸ ದೊರೆತ ದಲಿತ ಯುವಕನೊಬ್ಬನಿಗೆ ಮೇಲ್ಜಾತಿಯವರ ವಿರೋಧದಿಂದ ಆ ಕೆಲಸ ಮಾಡುವುದೇ ಕಷ್ಟವಾದದ್ದನ್ನು ರಂಗರಾಯರು ಕಂಡರು. ನ್ಯಾಯವನ್ನು ಹೇಳುವ ಮನೆಯಲ್ಲಿಯೇ ಹೀಗಾದ ಮೇಲೆ ಬೇರೆ ಕಡೆಯ ಮಾತೇನು? ಒಬ್ಬಿಬ್ಬರಿಗೆ ಕೆಲಸ ಕೊಡಿಸುವುದರಿಂದ ಈ ರೋಗ ವಾಸಿಯಾಗಲಾರದು. ಒಂದು ತಲೆಮಾರಿಗೇ ಅಕ್ಷರ ಕಲಿಸಬೇಕು ಎಂದು ಅವರು ನಿರ್ಧರಿಸಿದರು.

ಹೀಗೆ 1892ರಲ್ಲಿ ಮಂಗಳೂರಿನ ಉರ್ವ ಚಿಲಿಂಬಿ ಎಂಬಲ್ಲಿ ದಲಿತ ಮಕ್ಕಳಿಗಾಗಿ ಅವರ ಮೊದಲ ಶಾಲೆ ಆರಂಭವಾಯಿತು. ಆದರೆ ಶಾಲೆಯೆಂದರೆ ಕಟ್ಟಡವಷ್ಟೇ ಅಲ್ಲವಷ್ಟೆ. ಮೊದಲನೆಯದಾಗಿ ಜಾಗ ಬೇಕು, ಜಾಗ ಕೊಡುವವರಿರಲಿಲ್ಲ. ಎರಡನೆಯದಾಗಿ ಉಪಾಧ್ಯಾಯರು ಬೇಕು. ಆ ಮಕ್ಕಳಿಗೆ ಪಾಠ ಹೇಳಿದವನಿಗೆ ತನ್ನ ಜಾತಿಯಲ್ಲಿ ಜಾಗವಿರುತ್ತಿರಲಿಲ್ಲ. ಹಿಂದೂ ಉಪಾಧ್ಯಾಯರು ದೊರೆಯದಿದ್ದಾಗ ಅವರು ಕ್ರೈಸ್ತ ಉಪಾಧ್ಯಾಯರನ್ನು ಕರೆತಂದರು. ಆ ಉಪಾಧ್ಯಾಯರಿಗೂ ಬೆದರಿಕೆ ತಪ್ಪಲಿಲ್ಲ. ಶಾಲೆ ಒಂದು ಕಡೆ ನಿಲ್ಲಲು ಬಿಡದಿದ್ದಾಗ ಇನ್ನೊಂದು ಕಡೆಗೆ ಒಯ್ದರು. ಕಂಕನಾಡಿ, ಬೊಕ್ಕಪಟ್ಣ ಮೊದಲಾದ ಕಡೆಗಳಲ್ಲಿ ಅದು ನಡೆದು, ಕಡೆಗೆ ಶೇಡಿಗುಡ್ಡೆಯಲ್ಲಿ ಸಂಸ್ಥೆ ಬೇರುಬಿಟ್ಟಿತು.

ಮೂರನೆಯ ಕಷ್ಟವೇ ಎಲ್ಲಕ್ಕಿಂತ ದೊಡ್ಡದು. ಮಕ್ಕಳೇ ಬರುತ್ತಿರಲಿಲ್ಲ. ಅದಕ್ಕೆ ಕಾರಣ ಉದಾಸೀನವಲ್ಲ, ಹಸಿವು. ಆರೇಳು ವರ್ಷದ ಹುಡುಗ ದನ ಕಾದರೆ ಅಥವಾ ಸೊಪ್ಪು ಸೌದೆ ಹೊತ್ತರೆ ಮನೆಗೆ ಒಂದು ಹಿಡಿ ಅಕ್ಕಿ ಬರುತ್ತಿದ್ದಿತು. ಅವನನ್ನು ಶಾಲೆಗೆ ಕಳುಹಿಸಿದರೆ ಆ ಹಿಡಿ ಅಕ್ಕಿ ತಪ್ಪುತ್ತಿದ್ದಿತು. ರಂಗರಾಯರು ಈ ಲೆಕ್ಕವನ್ನು ಬಡವರ ಕಣ್ಣಿನಿಂದ ನೋಡಿದರು. ಶಾಲೆಯಲ್ಲಿ ಮಧ್ಯಾಹ್ನದ ಊಟವನ್ನು ಏರ್ಪಡಿಸಿದರು. ಮಕ್ಕಳನ್ನು ಕಳುಹಿಸಿದ ಹೆತ್ತವರಿಗೆ ಕೂಲಿ ತಪ್ಪಿದ ನಷ್ಟಕ್ಕಾಗಿ ಕಾಸು ಕೊಟ್ಟರು. ಪಾಠ ಹೇಳುವ ಉಪಾಧ್ಯಾಯನಿಗೆ ಸಂಬಳ ಕೊಡುವುದನ್ನು ನಾವು ಕೇಳಿದ್ದೇವೆ. ಪಾಠ ಕೇಳುವ ಮಗುವಿನ ಮನೆಗೂ ಹಣ ಕೊಡಬೇಕಾದೀತೆಂದು ನೂರಮೂವತ್ತು ವರ್ಷಗಳ ಹಿಂದೆ ಯೋಚಿಸಿದವರು ಎಷ್ಟು ಮಂದಿ?

ಇದೆಲ್ಲಕ್ಕೂ ಹಣ ಬೇಕಷ್ಟೆ. ಮೊದಮೊದಲು ಅವರು ತಮ್ಮ ವಕೀಲಿಯ ಸಂಪಾದನೆಯನ್ನೇ ಸುರಿದರು. ಆದರೆ ಒಬ್ಬ ವಕೀಲನ ಸಂಪಾದನೆ ಎಷ್ಟು ಅನ್ನ ಬೇಯಿಸೀತು? ಮಕ್ಕಳ ಸಂಖ್ಯೆ ಏರಿದಂತೆಲ್ಲ ಕೈ ಬರಿದಾಗತೊಡಗಿತು. ಆಗ ಅವರಿಗೆ ಎರಡು ದಾರಿಗಳಿದ್ದುವು. ಇದ್ದಷ್ಟು ಮಾಡಿ ಸುಮ್ಮನಾಗುವುದು ಒಂದು. ಊರಿನವರ ಮುಂದೆ ಕೈಯೊಡ್ಡುವುದು ಇನ್ನೊಂದು. ಅವರು ಎರಡನೆಯ ದಾರಿಯನ್ನು ಹಿಡಿದರು. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಶನ್ ಎಂಬ ಹೆಸರಿನಿಂದ ಒಂದು ಸಂಸ್ಥೆಯನ್ನು ಸ್ಥಾಪಿಸಿದರು. ವ್ಯಕ್ತಿಯೊಬ್ಬ ಕೊಡುವ ದಾನವು ಅವನ ಸಂಗಡ ಮುಗಿಯುತ್ತದೆ. ಸಂಸ್ಥೆಯಾದರೋ ಅವನ ಬಳಿಕವೂ ಬದುಕುತ್ತದೆ. ಸಂಸ್ಥೆಗೆ ಒಂದು ಹೆಸರು, ಒಂದು ಲೆಕ್ಕ, ಒಂದು ವಾರ್ಷಿಕ ವರದಿ ಇರುತ್ತದೆ. ಬೇರೆಯವರ ಹಣವನ್ನು ಮುಟ್ಟುವವನು ಲೆಕ್ಕಕ್ಕೆ ಒಳಗಾಗಬೇಕು ಎಂಬ ಧರ್ಮ ಅದರೊಳಗಿದೆ.

ಅಂದಿನ ದಿನಗಳಲ್ಲಿ ಇಂತಹ ಕಾರ್ಯಕ್ಕೆ ಹಣ ಕೂಡಿಸುವುದು ಎಷ್ಟು ಕಷ್ಟವಾಗಿದ್ದಿತು ಎಂಬುದನ್ನು ಯೋಚಿಸಿ ನೋಡಬೇಕು. ಅದೇ ಊರಿನ ಬಾಸೆಲ್ ಮಿಶನ್ನಿಗೆ ಯೂರೋಪಿನ ಭಕ್ತರ ಬೆಂಬಲವಿದ್ದಿತು. ಅದರ ಹಿಂದೆ ದೊಡ್ಡ ಸಭೆಯೊಂದು ನಿಂತಿದ್ದಿತು. ರಂಗರಾಯರ ಹಿಂದೆ ಮಠವಿಲ್ಲ, ಸಂಸ್ಥಾನವಿಲ್ಲ, ಜಾತಿಯೂ ಇಲ್ಲ. ದೇವಾಲಯದ ಜೀರ್ಣೋದ್ಧಾರಕ್ಕೆ ಕೇಳಿದರೆ ಕೊಡುವವರು ಮುಂದೆ ಬರುತ್ತಾರೆ, ಏಕೆಂದರೆ ಅಲ್ಲಿ ಪುಣ್ಯವಿದೆ. ಅನ್ನಸಂತರ್ಪಣೆಗೆ ಕೇಳಿದರೂ ಕೊಡುತ್ತಾರೆ. ಆದರೆ ಯಾರ ನೆರಳು ಸೋಕಿದರೆ ಸ್ನಾನ ಮಾಡಬೇಕೆಂದು ನಂಬಿದ್ದರೋ ಅವರ ಮಕ್ಕಳಿಗೆ ಸ್ಲೇಟು ಕೊಳ್ಳಲು ಹಣ ಕೊಡಿರೆಂದು ಆ ನಂಬಿಕೆಯವರನ್ನೇ ಕೇಳುವುದೆಂದರೆ, ಹಣವನ್ನು ಕೇಳುವುದಕ್ಕೆ ಮೊದಲು ಮನಸ್ಸಿನ ಬದಲಾವಣೆಯನ್ನು ಕೇಳಿದಂತೆ. ಹಣ ಕೂಡಿಸುವವನ ಕೆಲಸ ನಿಜವಾಗಿ ಪ್ರಾರಂಭವಾಗುವುದು ಅಲ್ಲಿಂದಲೇ ಎಂದು ನನಗೆ ತೋರುತ್ತದೆ.

ಸರ್ಕಾರದ ನೆರವು ಇರಲಿಲ್ಲವೆಂದಲ್ಲ. ಚೆಂಗಲ್ಪಟ್ಟು ಜಿಲ್ಲೆಯ ಕಲೆಕ್ಟರರಾಗಿದ್ದ ಟ್ರೆಮೆನ್‌ಹಿಯರ್ ಎಂಬವರು ದಲಿತರ ದುಃಸ್ಥಿತಿಯನ್ನು ಕುರಿತು ಬರೆದ ವರದಿ 1892ರ ವೇಳೆಗೆ ಮದರಾಸು ಸರ್ಕಾರದ ಕಣ್ಣು ತೆರೆಸಿತು. 1893ರಲ್ಲಿ ಪಂಚಮ ಶಾಲೆಗಳಿಗೆ ವಿಶೇಷ ಸೌಲಭ್ಯಗಳನ್ನು ಕೊಡುವ ಆಜ್ಞೆ ಹೊರಟಿತು. ಆದರೆ ಸಹಾಯಧನದ ಪದ್ಧತಿ ಹೇಗೆಂದು ಉಪಾಧ್ಯಾಯ ಮಹನೀಯರಿಗೆ ನಾನು ತಿಳಿಸಬೇಕಾದ್ದಿಲ್ಲ. ಮೊದಲು ಶಾಲೆ ನಡೆಯುತ್ತಿರಬೇಕು, ಮಕ್ಕಳು ಹಾಜರಿರಬೇಕು, ತಪಾಸಣೆಯವರು ಬಂದು ನೋಡಬೇಕು; ಆಮೇಲೆ ಖರ್ಚಿನ ಒಂದು ಭಾಗ ಮಾತ್ರ ಕೈಸೇರೀತು. ಉಳಿದ ಭಾಗವನ್ನು ನಡೆಸುವವರೇ ತರಬೇಕು. ಅನುದಾನ ಬರುವವರೆಗೆ ಮಕ್ಕಳ ಹೊಟ್ಟೆ ಕಾಯುವುದಿಲ್ಲ. ಅನುದಾನಕ್ಕೂ ಹಸಿವಿಗೂ ನಡುವೆ ಇರುವ ಈ ಅಂತರವನ್ನು ತುಂಬುವುದೇ ಚಂದಾ ಹಣದ ಕೆಲಸ. ರಂಗರಾಯರು ತಮ್ಮ ಆಯುಷ್ಯದ ಉತ್ತರಾರ್ಧವನ್ನೆಲ್ಲ ಈ ಅಂತರದಲ್ಲಿಯೇ ಕಳೆದರು.

ಅವರು ಕೇಳುವುದನ್ನು ಊರಿಗೆ ಮಾತ್ರ ಸೀಮಿತಗೊಳಿಸಲಿಲ್ಲ. ಮಂಗಳೂರಿಗೆ ರೈಲು ಬಂದದ್ದೇ 1907ರಲ್ಲಿ. ಅದಕ್ಕೆ ಮುಂಚೆ ಹೊರಗಿನ ಲೋಕದೊಡನೆ ಸಂಪರ್ಕವೆಂದರೆ ಹಡಗು ಮತ್ತು ಎತ್ತಿನ ಗಾಡಿ. ಅಂತಹ ಮೂಲೆಯ ಊರಿನ ಒಂದು ಚಿಕ್ಕ ಶಾಲೆಯ ಸುದ್ದಿ ಮದರಾಸು, ಮುಂಬಯಿಗಳ ಸುಧಾರಕರಿಗೆ ಮುಟ್ಟಿತು. ನಾಡಿನ ಬೇರೆಬೇರೆ ಭಾಗಗಳಿಂದ ಸಹಾನುಭೂತಿಯೂ ನೆರವೂ ಒದಗಿದುವು. ಮಂಗಳೂರಿಗೆ ಬಂದ ಪ್ರಮುಖರು ಆ ಶಾಲೆಯನ್ನು ಕಾಣದೆ ಹಿಂದಿರುಗುತ್ತಿರಲಿಲ್ಲ. ಶೇಡಿಗುಡ್ಡೆಯನ್ನು ಏರಿ ಬಂದವರಿಗೆ ಅಲ್ಲಿ ಕಾಣುತ್ತಿದ್ದುದು ಏನು? ಮಗ್ಗದ ಮುಂದೆ ಕುಳಿತು ನೇಯುವ ಹುಡುಗರು, ಉಳಿ ಹಿಡಿದು ಮರ ಕೆತ್ತುವ ಹುಡುಗರು, ಓದುತ್ತಿರುವ ಮಕ್ಕಳು. ಮರುಕ ಹುಟ್ಟಿಸುವ ದೃಶ್ಯಕ್ಕಿಂತ ಭರವಸೆ ಹುಟ್ಟಿಸುವ ದೃಶ್ಯ ಅದಾಗಿದ್ದಿತು.

ಈ ಕೈಕಸುಬಿನ ಶಿಕ್ಷಣ ಅವರ ದೂರದೃಷ್ಟಿಗೆ ಸಾಕ್ಷಿ. ಅಕ್ಷರ ಕಲಿತ ದಲಿತ ಹುಡುಗನಿಗೆ ಅಂದಿನ ಸಮಾಜ ಕಚೇರಿಯಲ್ಲಿ ಕುರ್ಚಿ ಕೊಡಲಾರದೆಂಬುದನ್ನು ಅವರು ಬಲ್ಲವರಾಗಿದ್ದರು. ಅಕ್ಷರದ ಸಂಗಡ ಒಂದು ಕಸುಬೂ ಇದ್ದರೆ ಅವನು ಯಾರ ಅಂಗಳದಲ್ಲಿಯೂ ನಿಂತು ಕಾಯಬೇಕಾಗಿಲ್ಲ. ಆದುದರಿಂದ ನೇಯ್ಗೆ, ಬಡಗಿ ಕೆಲಸ ಮೊದಲಾದುವನ್ನು ಕಲಿಸುವ ಏರ್ಪಾಡನ್ನು ಮಾಡಿದರು. ಹೆಣ್ಣುಮಕ್ಕಳಿಗೆ ವಿದ್ಯಾರ್ಥಿನಿಲಯವನ್ನು ತೆರೆದರು. ಶಾಲೆಗಳು ಮಂಗಳೂರಿನ ಕೇರಿಗಳಲ್ಲಿ ಮಾತ್ರವಲ್ಲದೆ ಮುಲ್ಕಿ, ಉಡುಪಿಗಳ ಕಡೆಗೂ ಹಬ್ಬಿದುವು. ಇಷ್ಟಕ್ಕೂ ಅವರು ತೃಪ್ತರಾಗಲಿಲ್ಲ. ಓದಿದ ಹುಡುಗ ಸಂಜೆ ಮರಳುವುದು ಪರರ ಜಮೀನಿನ ಅಂಚಿನಲ್ಲಿದ್ದ ಗುಡಿಸಲಿಗೆ. ಒಡೆಯನು ಸಿಟ್ಟಾದರೆ ಗುಡಿಸಲೂ ಇಲ್ಲ, ಶಾಲೆಯೂ ಇಲ್ಲ. ಸ್ವಂತ ನೆಲವಿಲ್ಲದವನಿಗೆ ವಿದ್ಯೆಯೂ ನಿಲ್ಲದೆಂದು ಅರಿತು, ಅವರು ಸರ್ಕಾರದಿಂದ ಜಮೀನನ್ನು ದೊರಕಿಸಿಕೊಂಡು ದಲಿತ ಕುಟುಂಬಗಳಿಗೆ ಮನೆಯ ನಿವೇಶನಗಳನ್ನು ಮಾಡಿಸಿಕೊಟ್ಟರು. ಅನ್ನ, ಅಕ್ಷರ, ಕಸುಬು, ನೆಲ - ಈ ನಾಲ್ಕನ್ನೂ ಒಂದರ ಹಿಂದೆ ಒಂದಾಗಿ ಕಂಡುಕೊಂಡದ್ದು ಯಾವ ಪುಸ್ತಕದಿಂದಲೂ ಅಲ್ಲ. ಒಂದು ಕಷ್ಟವನ್ನು ನೀಗಿಸಲು ಹೋದಾಗ ಅದರ ಹಿಂದಿನ ಕಷ್ಟ ಕಾಣಿಸುತ್ತ ಹೋಯಿತು.

ಇದಕ್ಕೆಲ್ಲ ಅವರು ತೆತ್ತ ಬೆಲೆ ಸಾಮಾನ್ಯವಾದುದಲ್ಲ. ಅವರ ಸ್ವಂತ ಸಮಾಜವು ಅವರನ್ನು ದೂರ ಮಾಡಿತು. ನಂಟರು ಬಾಗಿಲು ಮುಚ್ಚಿದರು. ಮದುವೆ ಮುಂಜಿಗಳಿಗೆ ಕರೆ ನಿಂತಿತು. ಬೀದಿಯಲ್ಲಿ ಪರಿಹಾಸ್ಯ, ನಿಂದೆ. ಪರರಿಗಾಗಿ ದುಡಿಯುವವನ ಮನೆಯವರು ಅವನ ಪಾಲಿನ ಅವಮಾನವನ್ನೂ ಉಣ್ಣಬೇಕಾಗುತ್ತದೆ. ಅಡಿಗೆಮನೆಯಲ್ಲಿದ್ದ ಅವರ ಪತ್ನಿ, ಬೀದಿಯಲ್ಲಿ ಆಡಲು ಹೋದ ಅವರ ಮಕ್ಕಳು ಅನುಭವಿಸಿದುದನ್ನು ಯಾವ ವಾರ್ಷಿಕ ವರದಿಯ ಲೆಕ್ಕದಲ್ಲಿಯೂ ಕಾಣಲಾಗದು. ನಮ್ಮ ಅಮ್ಮನ ಕಣ್ಣೀರು ನೆನಪಾದಾಗಲೆಲ್ಲ ನನಗೆ ಆ ಮನೆಯೂ ನೆನಪಾಗುತ್ತದೆ.

ಆದರೂ ಆ ಮನೆ ಸೋಲಲಿಲ್ಲ. ರಂಗರಾಯರು ಹೊರಗೆ ಹೇಳಿದುದನ್ನು ಮನೆಯಲ್ಲಿಯೂ ನಡೆಸಿದರು. 1891ರಲ್ಲಿ ಜನಿಸಿದ ಅವರ ಮಗಳು ರಾಧಾಬಾಯಿ ಚಿಕ್ಕ ವಯಸ್ಸಿನಲ್ಲಿಯೇ ವಿಧವೆಯಾದರು. ಅಂದಿನ ಪದ್ಧತಿಯಂತೆ ಆಕೆಯನ್ನು ಮೂಲೆಗೆ ಕೂರಿಸದೆ ತಂದೆ ಓದಿಸಿದರು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿದ ಆಕೆ 1912ರಲ್ಲಿ ಬೇರೆ ಜಾತಿಯವರಾದ ಕುಮಾರಮಂಗಲದ ಜಮೀನ್ದಾರ ಡಾಕ್ಟರ್ ಪಿ. ಸುಬ್ಬರಾಯನ್ ಅವರನ್ನು ವಿವಾಹವಾದರು. ಆಕ್ಸ್‌ಫರ್ಡಿನಲ್ಲಿಯೂ ವ್ಯಾಸಂಗ ಮಾಡಿದರು. ಸುಬ್ಬರಾಯನ್ನರು 1926ರಿಂದ 1930ರ ವರೆಗೆ ಮದರಾಸು ಪ್ರಾಂತದ ಮುಖ್ಯಮಂತ್ರಿಗಳಾಗಿದ್ದರು. ರಾಧಾಬಾಯಿಯವರು 1930ರ ಮೊದಲನೆಯ ದುಂಡುಮೇಜಿನ ಪರಿಷತ್ತಿಗೆ ಪ್ರತಿನಿಧಿಯಾಗಿ ಹೋದರು. 1938ರಲ್ಲಿ ಕೇಂದ್ರ ಶಾಸನಸಭೆಯ ಮೇಲ್ಮನೆಗೆ ಚುನಾಯಿತರಾಗಿ ಅಲ್ಲಿನ ಮೊದಲ ಮಹಿಳಾ ಸದಸ್ಯರೆನಿಸಿದರು. ರಂಗರಾಯರ ಮೊಮ್ಮಗ ಜನರಲ್ ಪಿ. ಪಿ. ಕುಮಾರಮಂಗಲಂ 1966ರಿಂದ 1969ರ ವರೆಗೆ ಭಾರತದ ಭೂಸೇನೆಯ ದಂಡನಾಯಕರಾಗಿದ್ದರು. ಒಂದು ಊರು ಹೊರಗಿಟ್ಟ ಮನೆತನವನ್ನು ದೇಶವೇ ಒಳಗೆ ಕರೆದುಕೊಂಡಿತೆಂದರೆ ಅತಿಶಯೋಕ್ತಿಯಾಗಲಾರದು.

ರಂಗರಾಯರ ಕಾರ್ಯವನ್ನು ಆ ಕಾಲದ ಇತರ ಪ್ರಯತ್ನಗಳೊಡನೆ ಇಟ್ಟು ನೋಡಿದರೆ ಅದರ ಮಹತ್ತ್ವ ಸ್ಪಷ್ಟವಾಗುತ್ತದೆ. ಗೋಪಾಲಕೃಷ್ಣ ಗೋಖಲೆಯವರು 1903ರಲ್ಲಿ ಧಾರವಾಡದಲ್ಲಿ ನಡೆದ ಸಾಮಾಜಿಕ ಪರಿಷತ್ತಿನಲ್ಲಿ ದಲಿತರನ್ನು ಮೇಲೆತ್ತುವುದು ನ್ಯಾಯದ ಪ್ರಶ್ನೆಯೆಂದು ವಾದಿಸಿದರು. ನಮ್ಮ ಜಮಖಂಡಿಯಲ್ಲಿ ಹುಟ್ಟಿದ ವಿಠ್ಠಲ ರಾಮಜಿ ಶಿಂದೆಯವರು 1906ರಲ್ಲಿ ಮುಂಬಯಿಯಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಶನ್ ಸೊಸೈಟಿಯನ್ನು ಸ್ಥಾಪಿಸಿದರು. ಗಾಂಧೀಜಿಯವರ ಪ್ರೇರಣೆಯಿಂದ ಹರಿಜನ ಸೇವಕ ಸಂಘ ಹುಟ್ಟಿದ್ದು 1932ರಲ್ಲಿ. ಗೋಖಲೆಯವರ ಭಾಷಣಕ್ಕೆ ಆರು ವರ್ಷ ಮುಂಚೆ, ಶಿಂದೆಯವರ ಸಂಸ್ಥೆಗೆ ಒಂಬತ್ತು ವರ್ಷ ಮುಂಚೆ ಮಂಗಳೂರಿನ ಮಿಶನ್ ಕೆಲಸ ಮಾಡುತ್ತಿದ್ದಿತು. ದೊಡ್ಡ ಊರುಗಳಲ್ಲಿ ಆದ ಕೆಲಸವು ಚರಿತ್ರೆಯ ಪುಸ್ತಕವನ್ನು ಬೇಗನೆ ಸೇರುತ್ತದೆ. ಮೂಲೆಯ ಊರಿನ ಕೆಲಸ ಜಿಲ್ಲೆಯ ಗಡಿಯಲ್ಲಿಯೇ ಉಳಿಯುತ್ತದೆ. ಬೆಂಗಳೂರಿನ ಕಡೆಯ ನಮ್ಮಂತಹ ವಿದ್ಯಾರ್ಥಿಗಳಿಗೆ ಈ ಹೆಸರು ಅಪರಿಚಿತವಾಗಿ ಉಳಿದಿರುವುದಕ್ಕೂ ಇದೇ ಕಾರಣವಿರಬೇಕು.

ವಯಸ್ಸಾದಂತೆ ಅವರನ್ನು ಕಾಡಿದ ಚಿಂತೆಯೆಂದರೆ ತಮ್ಮ ಬಳಿಕ ಮಕ್ಕಳ ಗತಿಯೇನು ಎಂಬುದು. ಗೋಖಲೆಯವರು 1905ರಲ್ಲಿ ಪುಣೆಯಲ್ಲಿ ಸ್ಥಾಪಿಸಿದ್ದ ಭಾರತ ಸೇವಕ ಸಮಾಜವು ಮುಂದೆ ಆ ಸಂಸ್ಥೆಯ ಹೊಣೆಯನ್ನು ಹೊತ್ತಿತು. ತಾವು ಬೆವರು ಸುರಿಸಿ ಕಟ್ಟಿದ ಸಂಸ್ಥೆಯನ್ನು ಮನೆತನದ ಆಸ್ತಿಯಾಗಿ ಅವರು ಉಳಿಸಿಕೊಳ್ಳಲಿಲ್ಲ. ಬೇಡಿ ತಂದ ಹಣದಿಂದ ಕಟ್ಟಿದ್ದು ಬೇಡಿದವನದಾಗಲಾರದೆಂಬ ವಿವೇಕ ಅವರಲ್ಲಿದ್ದಿತು.

1927ರಲ್ಲಿ ರಂಗರಾಯರು ಸಂನ್ಯಾಸವನ್ನು ಸ್ವೀಕರಿಸಿ ಈಶ್ವರಾನಂದರೆಂಬ ಹೆಸರನ್ನು ಪಡೆದರು. ಮರುವರ್ಷ, 1928ರ ಜನವರಿ 30ರಂದು, ತಮ್ಮ ಅರವತ್ತೆಂಟನೆಯ ವಯಸ್ಸಿನಲ್ಲಿ ದೈವಾಧೀನರಾದರು. ತಮ್ಮ ದೇಹವನ್ನು ತೋಟಿ ಕೆಲಸ ಮಾಡುವ ಬಂಧುಗಳು ಹೊರಬೇಕೆಂದು ಅವರು ಮೊದಲೇ ಅಪೇಕ್ಷೆಪಟ್ಟಿದ್ದರು, ಅದರಂತೆಯೇ ನಡೆಯಿತು. ಬದುಕಿನುದ್ದಕ್ಕೂ ಯಾರ ಭಾರವನ್ನು ತಾವು ಹೊತ್ತರೋ ಅವರ ಹೆಗಲ ಮೇಲೆ ಅವರು ಕಡೆಯ ಪಯಣ ಮಾಡಿದರು. ಅವರಿಗಿದ್ದ ಇನ್ನೊಂದು ಆಸೆಯನ್ನು ಮಂಗಳೂರಿನ ಜನ ಇಂದಿಗೂ ನೆನೆಯುತ್ತಾರೆ. ತಮ್ಮ ಶಾಲೆಯಲ್ಲಿ ಕಲಿತ ದಲಿತ ಮಗುವೊಂದು ದೊಡ್ಡ ಅಧಿಕಾರಿಯಾಗಿ ಮೋಟಾರು ಗಾಡಿಯಲ್ಲಿ ಹೋಗುವಾಗ ಅದರ ಚಕ್ರದಿಂದ ಎದ್ದ ಧೂಳು ತಮ್ಮ ತಲೆಯ ಮೇಲೆ ಬಿದ್ದರೆ ತಮ್ಮ ಜನ್ಮ ಸಾರ್ಥಕವೆಂಬುದೇ ಆ ಆಸೆ.

ಗಾಂಧೀಜಿಯವರು ತಮ್ಮ ಹರಿಜನ ಯಾತ್ರೆಯಲ್ಲಿ 1934ರ ಫೆಬ್ರವರಿಯಲ್ಲಿ ಮಂಗಳೂರಿಗೆ ಬಂದಾಗ ರಂಗರಾಯರು ತೀರಿಕೊಂಡು ಆರು ವರ್ಷಗಳಾಗಿದ್ದುವು. ಅವರ ಸೇವೆಯನ್ನು ಗಾಂಧೀಜಿ ಗೌರವದಿಂದ ಸ್ಮರಿಸಿದರು. ಇಂದು ಮಂಗಳೂರಿನ ಪುರಭವನಕ್ಕೆ ಕುದ್ಮುಲ್ ರಂಗರಾಯರ ಹೆಸರಿದೆ. ಯಾವ ಊರಿನ ಗಣ್ಯರು ಅವರನ್ನು ಪಂಕ್ತಿಯಿಂದ ಎಬ್ಬಿಸಿದರೋ ಆ ಊರಿನ ಗಣ್ಯರೆಲ್ಲ ಸಭೆ ಸೇರುವುದು ಅವರ ಹೆಸರಿನ ಭವನದಲ್ಲಿ.

ಆದರೆ ಅವರ ನಿಜವಾದ ಸ್ಮಾರಕವು ಪುರಭವನವಲ್ಲವೆಂದು ನನ್ನ ಎಣಿಕೆ. ನಮ್ಮ ರಾಜ್ಯದಲ್ಲಿ ಅಕ್ಷರ ದಾಸೋಹದ ಬಿಸಿಯೂಟ 2002ರಲ್ಲಿ ಪ್ರಾರಂಭವಾಯಿತು. ಸರ್ಕಾರಿ ಶಾಲೆಯಲ್ಲಿ ಓದಿದ ನನ್ನಂತಹ ಸಾವಿರಾರು ಮಕ್ಕಳು ಆ ಅನ್ನವನ್ನು ಉಂಡು ಬೆಳೆದವರು. ಹಸಿದ ಮಗುವಿಗೆ ಪಾಠಕ್ಕೆ ಮೊದಲು ಊಟ ಕೊಡಬೇಕೆಂಬ ಮಾತು ಇಂದು ಯಾರಿಗೂ ವಿಚಿತ್ರವಾಗಿ ತೋರುವುದಿಲ್ಲ. ಒಂದು ಕಾಲದಲ್ಲಿ ಒಬ್ಬ ವಕೀಲರು ಮನೆಮಂದಿಯ ಮರ್ಯಾದೆಯನ್ನು ಪಣವಿಟ್ಟು ಮಾಡಿದ ಕೆಲಸವು ಇಂದು ಸರ್ಕಾರದ ಕರ್ತವ್ಯವಾಗಿದೆ. ದಾನವಾಗಿ ಪ್ರಾರಂಭವಾದದ್ದು ಹಕ್ಕಾಗಿ ಮುಗಿದರೆ ಅದೇ ದಾನದ ಸಾಫಲ್ಯ.

ಇನ್ನು ನಮ್ಮ ಸೀಮೆಯ ಮಾತಿಗೆ ಬರುತ್ತೇನೆ. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯ - ಈ ಮೂರು ದಿಕ್ಕುಗಳಲ್ಲಿ ಇಂದು ಸಂಪತ್ತು ಹರಿಯುತ್ತಿದೆ. 2013ರ ಕಂಪನಿ ಕಾಯಿದೆಯ 135ನೆಯ ಕಲಮಿನ ಪ್ರಕಾರ, ಐನೂರು ಕೋಟಿಯ ಆಸ್ತಿಮೌಲ್ಯ, ಇಲ್ಲವೆ ಸಾವಿರ ಕೋಟಿಯ ವಹಿವಾಟು, ಇಲ್ಲವೆ ಐದು ಕೋಟಿಯ ಲಾಭ ಮುಟ್ಟಿದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ನೂರಕ್ಕೆ ಎರಡರಷ್ಟನ್ನು ಸಮಾಜದ ಹಿತಕ್ಕಾಗಿ ವ್ಯಯಿಸಬೇಕು. ಈ ಕಲಮು 2014ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ಆ ಹಣ ಶಾಲೆಗೋ ಆಸ್ಪತ್ರೆಗೋ ತಲುಪಬೇಕಾದರೆ ಕೇಳುವವರು ಬೇಕು, ಬರೆಯುವವರು ಬೇಕು, ಲೆಕ್ಕ ಒಪ್ಪಿಸುವವರು ಬೇಕು. ಹೀಗಾಗಿ ಪರರಿಗಾಗಿ ಹಣ ಕೂಡಿಸುವುದು ಇಂದು ಸಂಬಳವುಳ್ಳ ಒಂದು ವೃತ್ತಿಯೇ ಆಗಿದೆ. ಬಿ.ಎ. ಓದಿದ ನಮಗೆ, ಅದರಲ್ಲೂ ಕನ್ನಡದಲ್ಲಿ ನಾಲ್ಕು ಮಾತು ಸ್ಪಷ್ಟವಾಗಿ ಬರೆಯಬಲ್ಲವರಿಗೆ, ಅಲ್ಲಿ ಜಾಗವಿದೆ.

ಜಾಗವಿದೆಯೆಂದ ಮಾತ್ರಕ್ಕೆ ಎಲ್ಲವೂ ಸರಿಯಾಗಿದೆಯೆಂದಲ್ಲ. ನಾನು ಚಂದಾ ಕೂಡಿಸುತ್ತಿದ್ದ ದಿನಗಳಲ್ಲಿ ನಮಗೆ ಕೊಟ್ಟ ಚಿತ್ರಗಳಲ್ಲಿ ಅಳುವ ಮಗುವಿನ ಚಿತ್ರವೇ ಮೇಲೆ ಇರಬೇಕೆಂದು ಹೇಳುತ್ತಿದ್ದರು. ನಗುವ ಮಗುವಿನ ಚಿತ್ರ ತೋರಿಸಿದರೆ ಜನ ನಿಲ್ಲುವುದಿಲ್ಲವಂತೆ. ಒಂದು ದಿನ ಆ ಹಾಳೆಯನ್ನು ನೋಡುತ್ತ ನಿಂತಾಗ, ಹರಿದ ಅಂಗಿಯ ಆ ಮಗು ನಮ್ಮ ಬೀದಿಯದೇ ಆಗಿರಬಹುದಲ್ಲವೆ, ನಾನೇ ಆಗಿರಬಹುದಿತ್ತಲ್ಲವೆ ಎನ್ನಿಸಿತು. ನನ್ನ ಬಡತನದ ಚಿತ್ರವನ್ನು ಹಿಡಿದು ನನ್ನ ಹೆಸರಿನಲ್ಲಿ ಯಾರೋ ಬೀದಿಯಲ್ಲಿ ನಿಂತಿದ್ದರೆ, ಆ ಮಗು ದೊಡ್ಡದಾಗಿ ಅದನ್ನು ನೋಡಿದರೆ, ಏನು ಹೇಳೀತು? ಅಂದು ನಾನು ಹಾಳೆಯನ್ನು ಮಡಿಸಿಟ್ಟು ಬಾಯಿಮಾತಿನಲ್ಲಿಯೇ ಕೇಳಿದೆ. ಹಣ ಕಡಿಮೆಯೇ ಕೂಡಿತು. ಸ್ವಲ್ಪ ದಿನಗಳಲ್ಲಿ ಆ ಕೆಲಸವನ್ನೂ ಬಿಟ್ಟೆ.

ರಂಗರಾಯರ ಬಾಳನ್ನು ಓದಿದ ಮೇಲೆ ನನಗೆ ಅನ್ನಿಸಿದ್ದಿಷ್ಟು. ಪರರಿಗಾಗಿ ಬೇಡುವವನು ಮೊದಲು ತನ್ನದನ್ನು ಹಾಕಿರಬೇಕು. ಅವರು ತಮ್ಮ ಸಂಪಾದನೆಯನ್ನೂ ಮಾನ್ಯತೆಯನ್ನೂ ಹಾಕಿದರು. ತಂದ ಹಣಕ್ಕೆ ಲೆಕ್ಕವಿರಬೇಕು, ತಾನು ಹೋದ ಮೇಲೂ ನಿಲ್ಲುವ ಏರ್ಪಾಡಿರಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ಯಾರಿಗಾಗಿ ಬೇಡುತ್ತೇವೆಯೋ ಅವರ ತಲೆ ತಗ್ಗಬಾರದು. ತಗ್ಗಬೇಕಾದ್ದಿದ್ದರೆ ಬೇಡುವವನ ತಲೆ ತಗ್ಗಲಿ. ತಮ್ಮ ಶಾಲೆಯ ಮಗು ಗಾಡಿಯಲ್ಲಿ ಮೇಲೆ ಕುಳಿತಿರಬೇಕು, ತಾವು ಕೆಳಗೆ ಧೂಳಿನಲ್ಲಿ ನಿಂತಿರಬೇಕು ಎಂದು ಬಯಸಿದವರಿಂದ ಇದಕ್ಕಿಂತ ಬೇರೆ ಪಾಠವನ್ನು ಕಲಿಯಲಾದೀತೆ?

ಈ ಕಥೆಯನ್ನು ನಾನು ಅಮ್ಮನಿಗೂ ಹೇಳಿದೆ. ಅವರು ಹೊಲಿಗೆಯ ಪಾಳಿ ಮುಗಿಸಿ ಬಂದು ಕಾಲು ಚಾಚಿ ಕುಳಿತಿದ್ದರು. ಮಧ್ಯಾಹ್ನದ ಊಟದ ಪ್ರಸಂಗ ಬಂದಾಗ ತುಸು ಹೊತ್ತು ಸುಮ್ಮನಿದ್ದು, ಆ ಪುಣ್ಯಾತ್ಮರ ಹೆಸರೇನೆಂದು ಮತ್ತೊಮ್ಮೆ ಕೇಳಿದರು. ಪರೀಕ್ಷೆ ಮುಗಿದ ಮೇಲೆ ನಾನು ಇಂಥದೇ ಕೆಲಸವನ್ನು ಹುಡುಕುತ್ತೇನೆಂದಾಗ ಹೂಂ ಎನ್ನಲಿಲ್ಲ, ಬೇಡವೆಂದೂ ಅನ್ನಲಿಲ್ಲ. ಮಗುವಿನ ಚಿತ್ರವನ್ನು ಮಾತ್ರ ಹಾಗೆ ತೋರಿಸಬೇಡವೆಂದರು.

ಕೊಡುವ ಕೈ ಮೇಲೆ, ಬೇಡುವ ಕೈ ಕೆಳಗೆ ಎಂಬ ಮಾತು ಸುಳ್ಳಲ್ಲ. ಆದರೆ ಬಿದ್ದವರನ್ನು ಎತ್ತಬೇಕಾದರೆ ಕೈ ಕೆಳಗೇ ಹೋಗಬೇಕಷ್ಟೆ. ಹಾಗೆ ಕೈಯನ್ನು ಕೆಳಗೆ ಚಾಚಿದ ಕುದ್ಮುಲ್ ರಂಗರಾಯರ ನೆನಪು ನಮ್ಮ ಕಾಲೇಜಿನ ವಿದ್ಯಾರ್ಥಿ ಮಿತ್ರರಲ್ಲಿ ಹಸಿರಾಗಿ ಉಳಿಯಲಿ.